ಎಡಗಡೆಯ ಜೋಳ

ಆ ವರ್ಷ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಉಜ್ವಲ ಭವಿಷ್ಯವಿದೆ ಎಂದು ಮೊದಲು ಸಾರಿದವರು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು. ಬ್ಯಾಸ್ಕೆಟ್‌ಬಾಲ್ ಎಂದರೆ ಏನೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ಅದು ಬೇರೆ ಮಾತು. ಶಿಕಾರಿಪುರದ ಪೇಟೆಯಲ್ಲಿ ಅವರದು ದೊಡ್ಡ ಮಂಡಿ, ಊರಾಚೆ ದೊಡ್ಡ ಜಮೀನು. ಕಾಲೇಜಿನ ಹೊಸ ಕೋರ್ಟಿಗೆ ಸಿಮೆಂಟು ಹಾಕಿಸಿದ್ದು ಅವರೇ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿ, ಕತ್ತೆತ್ತಿ ರಿಂಗನ್ನೂ ಅದಕ್ಕೆ ಇಳಿಬಿಟ್ಟ ಬಲೆಯನ್ನೂ ನೋಡಿದರು. ಪಕ್ಕದಲ್ಲಿ ನಮ್ಮ ಪಿ.ಡಿ. ಸಾರ್, ಅಂದರೆ ನಮಗೆ ಆಟ ಕಲಿಸಬೇಕಾಗಿದ್ದ ಮೇಷ್ಟ್ರು, ಕೈಕಟ್ಟಿ ನಿಂತಿದ್ದರು.

"ಅಲ್ರೀ, ಬುಟ್ಟಿಗೆ ತಳಾನೇ ಇಲ್ವಲ್ರೀ. ಇದ್ರಾಗೆ ಎಷ್ಟ್ ಹಾಕಿದ್ರೆ ಏನ್ ಬಂತು?" ಎಂದರು ಅಧ್ಯಕ್ಷರು.

ಆಟವೇ ಹಾಗೆ ಎಂದು ಹೇಳುವಷ್ಟು ಗುಂಡಿಗೆ ಪಿ.ಡಿ. ಸಾರ್‌ಗೆ ಇರಲಿಲ್ಲ. "ಹಾಕಿಸ್ತೀವಿ ಸಾರ್" ಎಂದರು.

ಆಮೇಲೆ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಈ ಸಲ ಸೊರಬದಲ್ಲಿ ನಡೆಯುವ ಅಂತರ ಕಾಲೇಜು ಪಂದ್ಯಾವಳಿಯ ಕಪ್ಪು ನಮ್ಮದೇ ಎಂದರು. ಆಟಗಾರರು ಯಾರು, ಎದುರಾಳಿಗಳು ಯಾರು, ಹೋದ ವರ್ಷ ಏನಾಗಿತ್ತು ಎಂಬ ಯಾವ ರಗಳೆಯೂ ಅವರಿಗೆ ಬೇಕಿರಲಿಲ್ಲ. "ನಾನು ಸಿಮೆಂಟ್ ಹಾಕ್ಸೀನಿ, ಇನ್ನೇನ್ ಬೇಕು ಇವ್ರಿಗೆ?" ಎಂದು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೋದ ವರ್ಷ ಏನಾಗಿತ್ತು ಎಂಬುದನ್ನು ನಾನು ಹೇಳಿಬಿಡುತ್ತೇನೆ. ನಮ್ಮ ತಂಡ ತಪ್ಪು ಬಸ್ಸು ಹತ್ತಿ ಪಂದ್ಯದ ಊರಿಗೆ ಮಧ್ಯಾಹ್ನ ತಲುಪಿ, ಆಗಲೇ ಸೋತಿದೆ ಎಂದು ಕೇಳಿ, ಊಟ ಮಾಡಿಕೊಂಡು ವಾಪಸ್ ಬಂದಿತ್ತು.

ಆ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿದ್ದವನು ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ. ಅಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ಅವರಿಗೆ ವರ್ಗವಾಗಿ ನಾವು ದಾವಣಗೆರೆಯಿಂದ ಶಿಕಾರಿಪುರಕ್ಕೆ ಬಂದಾಗ ತೊಂಬತ್ತರ ದಶಕ ಅರ್ಧ ಮುಗಿದಿತ್ತು, ನನ್ನ ಬಿ.ಎ. ಕೂಡ ಅರ್ಧ ಮುಗಿದಿತ್ತು. ದಾವಣಗೆರೆಯಲ್ಲಿ ನಾನು ಹೈಸ್ಕೂಲಿನಿಂದಲೂ ಒಳ್ಳೆಯ ಕೋರ್ಟಿನಲ್ಲಿ, ಒಳ್ಳೆಯವರ ಕೈಯಲ್ಲಿ ಆಟ ಕಲಿತವನು. ಇಲ್ಲಿ ಬಂದು ನೋಡಿದರೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವುದನ್ನೇ ಜನ ಬೆರಗಾಗಿ ನಿಂತು ನೋಡುತ್ತಿದ್ದರು.

ಇಲ್ಲಿಯ ಕಾಲೇಜಿನಲ್ಲಿ ಹುಡುಗರನ್ನು ಊರಿನ ಹೆಸರಿನಿಂದ ಕರೆಯುವುದು ವಾಡಿಕೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳುತ್ತಿತ್ತು. ಉಳಿದಂತೆ "ಲೇ ಈಸೂರು, ಬಾರಲೇ", "ತಾಳಗುಂದ ಎಲ್ಲಿ ಹೋದ್ನಲೇ" ಎಂದು ಊರುಗಳನ್ನೇ ಕೂಗಿ ಕರೆಯುತ್ತಿದ್ದರು. ನನ್ನ ಮನೆ ಶಿಕಾರಿಪುರದಲ್ಲೇ, ಕಾಲೇಜಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರೂ ನನ್ನನ್ನು ದಾವಣಗೆರೆ ಎಂದರು. ಅವರ ಪಾಲಿಗೆ ಅದು ಹೊರಗಿನವನು ಎಂಬ ಗುರುತು. ನನ್ನ ಪಾಲಿಗೆ ಅದು ಬಿರುದು. ಯಾರಾದರೂ ದಾವಣಗೆರೆ ಎಂದು ಕೂಗಿದರೆ ನಾನು ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ತಿರುಗುತ್ತಿದ್ದೆ.

ನನಗೆ ಅಧ್ಯಕ್ಷರ ಕಪ್ಪು ಬೇಕಾಗಿರಲಿಲ್ಲ. ಸೊರಬದ ಪಂದ್ಯಾವಳಿಗೆ ಯೂನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವವರು ಬರುತ್ತಿದ್ದರು. ಅವರ ಕಣ್ಣಿಗೆ ಬಿದ್ದು ಆ ತಂಡಕ್ಕೆ ಸೇರಿಬಿಟ್ಟರೆ, ಮುಂದೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸಿಗುತ್ತಿತ್ತು. ಜೀವನವೆಲ್ಲ ಕೋರ್ಟಿನ ಮೇಲೆ ಸೀಟಿ ಊದಿಕೊಂಡು ಇರಬಹುದಾಗಿತ್ತು. ಅದು ನನ್ನ ಕೊನೆಯ ವರ್ಷ, ಹಾಗಾಗಿ ಅದೇ ಕೊನೆಯ ಅವಕಾಶ. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ಸಲ ಆಯ್ಕೆ ಆದ್ರೆ ಆಡ್ಕೊಂಡಿರು, ನಾನೇನೂ ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಚೆಂಡು ಅಟ್ಟಕ್ಕೆ, ನೀನು ಶಿರಾಳಕೊಪ್ಪಕ್ಕೆ." ಶಿರಾಳಕೊಪ್ಪದಲ್ಲಿ ಅಪ್ಪನ ಸ್ನೇಹಿತರೊಬ್ಬರ ಗೊಬ್ಬರದ ಅಂಗಡಿ ಇತ್ತು. ಅಲ್ಲಿ ಯೂರಿಯಾ ಚೀಲಗಳ ನಡುವೆ ಕೂತು ಬಿಲ್ಲು ಬರೆಯಲು ಒಬ್ಬ ಬೇಕಾಗಿದ್ದ. ಒಮ್ಮೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕುರ್ಚಿಯನ್ನೂ ತೋರಿಸಿದ್ದರು. ಆ ವಾಸನೆ ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಮೂಗಿನಲ್ಲಿ ಉಳಿದಿತ್ತು.

ಹೀಗೆ ನನ್ನ ಭವಿಷ್ಯವನ್ನು ಹೊತ್ತು ನಿಂತಿದ್ದ ಉಳಿದ ನಾಲ್ವರನ್ನು ಪರಿಚಯಿಸಬೇಕು.

ಕ್ಯಾಪ್ಟನ್ ಅಧ್ಯಕ್ಷರ ತಮ್ಮನ ಮಗ. ಸಿಮೆಂಟು ದೊಡ್ಡಪ್ಪನದು ಎಂಬುದೇ ಅವನ ಅರ್ಹತೆ. ಚೆಂಡು ಕೈಗೆ ಬಂದರೆ ಎದೆಗೆ ಅವಚಿಕೊಂಡು ಫೋಟೋಕ್ಕೆ ನಿಂತವನ ಹಾಗೆ ನಿಂತುಬಿಡುತ್ತಿದ್ದ. ಪಂದ್ಯದ ನಡುವೆ ಪ್ಯಾಂಟಿನ ಹಿಂದಿನ ಜೇಬಿನಿಂದ ಬಾಚಣಿಗೆ ತೆಗೆದ ಆಟಗಾರನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಅವನು ಆಡುತ್ತಿದ್ದದ್ದೂ ಪ್ಯಾಂಟಿನಲ್ಲೇ.

ಈಸೂರಿನವನು ಕಬಡ್ಡಿಯ ಹುಲಿ. ಎದುರಾಳಿ ಚೆಂಡು ಹಿಡಿದು ಬಂದರೆ ಚೆಂಡಿನ ಗೊಡವೆಗೇ ಹೋಗದೆ ಸೀದಾ ಅವನ ಕಾಲಿಗೆ ಕೈ ಹಾಕುತ್ತಿದ್ದ. ಕೆಡವಿದ ಮೇಲೆ ಬಿಡುತ್ತಲೂ ಇರಲಿಲ್ಲ, ಸೀಟಿ ಊದುವವರೆಗೂ ಮೇಲೆ ಬಿದ್ದುಕೊಂಡಿರುತ್ತಿದ್ದ. ಬೈದರೆ, "ನಮ್ಮೂರ್ನೋರು ಬ್ರಿಟಿಷರನ್ನೇ ಬಿಟ್ಟಿಲ್ಲ, ಇವನ್ಯಾವ ಲೆಕ್ಕ" ಎನ್ನುತ್ತಿದ್ದ. ಊರ ಹಿರಿಯರ ತ್ಯಾಗಕ್ಕೆ ಇಂಥ ಉಪಯೋಗವೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಶಿರಾಳಕೊಪ್ಪದವನು ಜವಳಿ ಅಂಗಡಿಯವರ ಮಗ. ಪಾಸ್ ಕೊಡುವ ಮುಂಚೆ, ಇವನು ವಾಪಸ್ ಕೊಡುತ್ತಾನೋ ಇಲ್ಲವೋ ಎಂದು ಎದುರಿನವನ ಮುಖವನ್ನು ಅಳೆದು ನೋಡುತ್ತಿದ್ದ. ಅಷ್ಟರಲ್ಲಿ ಚೆಂಡು ಬೇರೆಯವರ ಪಾಲಾಗುತ್ತಿತ್ತು. ಸಂತೆಯ ದಿನ ಅವನು ಅಭ್ಯಾಸಕ್ಕೇ ಬರುತ್ತಿರಲಿಲ್ಲ.

ಇನ್ನು ತಾಳಗುಂದದವನು. ಕುರಿ ಸಾಕುವವರ ಮನೆಯವನು, ಉದ್ದ ಆಳು, ಮೊಣಕಾಲು ಮುಟ್ಟುವ ಕೈಗಳು. ಮೈಕಟ್ಟು ನೋಡಿ ನಾನು ಮೊದಲ ದಿನ ಸ್ವಲ್ಪ ಆಸೆ ಇಟ್ಟುಕೊಂಡಿದ್ದೂ ನಿಜ. ಆದರೆ ಅವನ ಪಾಸ್ ಎಂದೂ ಕೈಗೆ ಬರುತ್ತಿರಲಿಲ್ಲ, ಮುಂದೆಲ್ಲೋ ಹೋಗಿ ಬೀಳುತ್ತಿತ್ತು. ಕುರಿ ತಿರುಗಿಸಲು ಕಲ್ಲು ಬೀಸುವವರು ಕುರಿಗೆ ಬೀಸುವುದಿಲ್ಲವಂತೆ, ಅದು ಎಲ್ಲಿಗೆ ಹೋಗಬೇಕೋ ಅದರ ಲೆಕ್ಕ ಹಾಕಿ ಬೀಸುತ್ತಾರಂತೆ. "ಓಡಿ ಹೋಗಿ ಹಿಡ್ಕಾಬೇಕಪ್ಪ, ನಿಂತಲ್ಲಿಗೆ ಬರಾಕೆ ಅದೇನ್ ಕಾಗ್ದನೇ?" ಎನ್ನುತ್ತಿದ್ದ. ಚೆಂಡು ಬಿಡುವಾಗ ಬಾಯಲ್ಲಿ "ಹುರ್ರ್" ಎಂದು ಸದ್ದು ಬೇರೆ ಮಾಡುತ್ತಿದ್ದ. ನನ್ನನ್ನು ಕುರಿ ಎಂದುಕೊಂಡಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬದಲಿ ಆಟಗಾರರು ಎಂದು ಇನ್ನೂ ಮೂವರು ಬರುತ್ತಿದ್ದರು. ಅವರ ಬಗ್ಗೆ ಬರೆಯುವುದು ಕಾಗದ ದಂಡ.

ಇವರನ್ನು ತಿದ್ದಬೇಕಾಗಿದ್ದ ಪಿ.ಡಿ. ಸಾರ್ ಸ್ವತಃ ಖೋ ಖೋ ಆಡಿ ಬಂದವರು. ಉಳಿದ ಎಲ್ಲ ಆಟಗಳೂ ಖೋ ಖೋದ ಮಕ್ಕಳು ಎಂಬುದು ಅವರ ನಂಬಿಕೆ. ಕೋರ್ಟಿನ ಪಕ್ಕ ನಿಂತು "ಬೆನ್ ಹತ್ತು, ಬೆನ್ ಹತ್ತು" ಎನ್ನುವುದನ್ನು ಬಿಟ್ಟರೆ ಬೇರೆ ಪಾಠ ಅವರಲ್ಲಿರಲಿಲ್ಲ. "ನಮ್ಮ ಹುಡುಗ್ರಿಗೆ ಹೈಟ್ ಇಲ್ದಿದ್ರೂ ಫೈಟ್ ಐತಿ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಪ್ರಾಸ ಸಿಕ್ಕಿದರೆ ಸಾಕು, ಅರ್ಥ ತಾನಾಗಿ ಬರುತ್ತದೆ ಎಂದುಕೊಂಡ ಜನ.

ದೀಪಾವಳಿ ಮುಗಿದ ಮೇಲೆ ನಾನು ಒಂದು ಸಂಜೆ ಅಭ್ಯಾಸಕ್ಕೆ ಹೋದರೆ ಕೋರ್ಟಿನ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರಿನಿಂದ ಮೆಕ್ಕೆಜೋಳ ಇಳಿಸುತ್ತಿದ್ದರು. ಆ ವರ್ಷಗಳಲ್ಲಿ ನಮ್ಮ ಕಡೆ ಕಂಡಕಂಡವರೆಲ್ಲ ಮೆಕ್ಕೆಜೋಳ ಹಾಕತೊಡಗಿದ್ದರು. ಬೆಳೆಯಲು ಹೊಲವಿತ್ತು, ಒಣಗಿಸಲು ಜಾಗವಿರಲಿಲ್ಲ. ಟಾರು ರಸ್ತೆಯ ಅರ್ಧವನ್ನು ಜೋಳವೇ ನುಂಗಿರುತ್ತಿತ್ತು. ಹಾಗಿರುವಾಗ ನಮ್ಮ ಅಧ್ಯಕ್ಷರಿಗೆ ಅಷ್ಟಗಲದ ನುಣ್ಣನೆಯ ಸಿಮೆಂಟು ನೆನಪಾಗದೆ ಇರುತ್ತದೆಯೇ? ಸಿಮೆಂಟು ಹಾಕಿಸುವಾಗಲೇ ನೆನಪಿತ್ತು ಎಂಬುದು ನನ್ನ ಈಗಿನ ಅಭಿಪ್ರಾಯ.

ಪಿ.ಡಿ. ಸಾರ್ ಅಧ್ಯಕ್ಷರ ಮಂಡಿಗೆ ಓಡಿ ಹೋದರು. ಬಂದವರ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. "ನಾಕ್ ದಿನ ಅಷ್ಟೇ ಅಂತೆ ಕಣ್ರಪ್ಪ. ಅಡ್ಜಸ್ಟ್ ಮಾಡ್ಕಳ್ರಿ" ಎಂದರು. ಆ ನಾಲ್ಕು ದಿನ ಪಂದ್ಯಾವಳಿಯ ಹಿಂದಿನ ದಿನದವರೆಗೂ ಮುಗಿಯಲಿಲ್ಲ. ಒಂದು ರಾಶಿ ಒಣಗಿ ಚೀಲಕ್ಕೆ ಹೋದರೆ ಇನ್ನೊಂದು ಟ್ರೈಲರ್ ಬರುತ್ತಿತ್ತು. ಪ್ರಿನ್ಸಿಪಾಲರು ಕೋರ್ಟಿನ ಕಡೆಗಿದ್ದ ತಮ್ಮ ಕಿಟಕಿಗೆ ಪರದೆ ಹಾಕಿಸಿಕೊಂಡರು. ಕ್ಯಾಪ್ಟನ್ ಮಾತ್ರ ಹೆಮ್ಮೆಯಿಂದ, "ನಮ್ದೇ, ಹೈಬ್ರಿಡ್ಡು" ಎಂದು ಎಲ್ಲರಿಗೂ ತೋರಿಸಿದ.

ಕೋರ್ಟಿನ ಒಂದು ರಿಂಗಿಗೆ ಟಾರ್ಪಾಲಿನ ಹಗ್ಗ ಕಟ್ಟಿದರು, ಹಾಗಾಗಿ ಅದು ಆಟಕ್ಕೆ ಇಲ್ಲವಾಯಿತು. ಉಳಿದ ರಿಂಗಿನ ಮುಂದೆ ಬಲಗಡೆಗೆ ಕಾಲೇಜು ಕಟ್ಟಡದ ನೆರಳು ಬೀಳುತ್ತಿತ್ತು, ಎಡಗಡೆಗೆ ಬಿಸಿಲು. ಜೋಳಕ್ಕೆ ಬಿಸಿಲು ಬೇಕು. ಆದ್ದರಿಂದ ಎಡಗಡೆ ಜೋಳಕ್ಕೆ, ಬಲಗಡೆ ನಮಗೆ. ರಿಂಗಿಗೆ ಮುಖ ಮಾಡಿ ನಿಂತರೆ ಎಡಪಾದದ ಪಕ್ಕದಿಂದಲೇ ಹಳದಿ ಶುರು. ಅಲ್ಲಿ ಆಡಿ ಯೂನಿವರ್ಸಿಟಿಗೆ ಆಯ್ಕೆಯಾಗಬೇಕಾಗಿದ್ದವನು ನಾನು.

ಮೊದಲ ದಿನವೇ ಚೆಂಡು ಪುಟಿದು ಜೋಳದ ನಡುವೆ ಹೋಯಿತು. ನಾನು ಶೂ ಹಾಕಿದ ಕಾಲಲ್ಲೇ ಕರಕರ ತುಳಿದುಕೊಂಡು ಹೋಗಿ ಎತ್ತಿಕೊಂಡೆ. ತಿರುಗುವುದರೊಳಗೆ ಮೀನಖಂಡಕ್ಕೆ ಪಟಾರನೆ ಒಂದು ಬಿತ್ತು. ಜೋಳ ಕಾಯಲು ಅಧ್ಯಕ್ಷರ ಮನೆಯಿಂದ ಬಂದಿದ್ದ ಮುದುಕಿ. ರಿಂಗಿನ ಕಂಬಕ್ಕೆ ಒರಗಿ, ಗೊಬ್ಬರದ ಚೀಲ ಹಾಸಿಕೊಂಡು, ಕೋಳಿ ದನ ಓಡಿಸಲು ಲಕ್ಕಿ ಗಿಡದ ಬರಲು ಕಡ್ಡಿ ಹಿಡಿದು ಕೂತಿದ್ದವಳು ಯಾವಾಗ ಎದ್ದು ಬಂದಳೋ ಗೊತ್ತಾಗಲಿಲ್ಲ.

"ಮೆಟ್ಟು ಹಾಕ್ಕಂಡು ಕಾಳಿನ ಮ್ಯಾಲೆ ಹೋಕ್ತೀಯೇನೋ ಮೂಳ? ಉಣ್ಣಾದೇನು ನೀನು, ಮಣ್ಣಾ?"

ಉಣ್ಣುವುದು ಅನ್ನ, ಮೆಕ್ಕೆಜೋಳ ಹೋಗುವುದು ಕೋಳಿ ಫಾರಂಗೆ ಎಂದು ನಾನು ಹೇಳಬೇಕೆಂದಿದ್ದೆ. ನಮ್ಮ ಮನೆಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಕಾಳು ಎಂದರೆ ನನಗೆ ಕಿರಾಣಿ ಅಂಗಡಿಯ ಪೊಟ್ಟಣ. ತಂಡದವರು ನನ್ನ ಪರವಾಗಿ ಏನಾದರೂ ಅಂದಾರು ಎಂದು ನೋಡಿದರೆ, ಬಾಚಣಿಗೆಯ ಕ್ಯಾಪ್ಟನ್ ಸೇರಿ ನಾಲ್ವರೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಈಸೂರಿನವನು ಶೂ ಬಿಚ್ಚಿ ಬರಿಗಾಲಲ್ಲಿ ಇಳಿದು, ನನ್ನ ಹೆಜ್ಜೆ ಗುರುತಿನ ಮೇಲೆ ಕಾಲಾಡಿಸಿ ಕಾಳನ್ನು ಮತ್ತೆ ಸಮ ಮಾಡಿದ. ಆಮೇಲೆ ಒಂದು ಕಾಳು ಎತ್ತಿ ಕಣ್ಣಿಗೊತ್ತಿಕೊಂಡ. ಎದುರಾಳಿಯ ಮೂಳೆ ಮುರಿಯಲು ಹಿಂದೆಮುಂದೆ ನೋಡದವನು ಕೋಳಿ ಮೇವಿಗೆ ಕೈ ಮುಗಿಯುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ನಗಾದೇನೈತಲೇ ದಾವಣಗೆರೆ?" ಎಂದ ಅವನು. "ಇದು ಈಗ ಕಣ. ಕಣದಾಗೆ ಯಾರೂ ಮೆಟ್ಟು ಹಾಕಲ್ಲ."

ಕಾಳು ಒಕ್ಕುವ ಕಣವಂತೆ! ಬಿಳಿ ಗೆರೆ ಎಳೆದ, ರಿಂಗು ನೆಟ್ಟ ಕೋರ್ಟು ಒಂದು ಟ್ರೈಲರ್ ಜೋಳ ಸುರಿದ ಕೂಡಲೇ ಇವರಿಗೆ ಕಣವಾಯಿತು. ಅಂದಿನಿಂದ ಅದೇ ಕಾನೂನು. ಚೆಂಡು ಎಡಕ್ಕೆ ಹೋದರೆ ಆಟ ನಿಲ್ಲಬೇಕು. ಹತ್ತಿರವಿದ್ದವನು ಕೂತು ಶೂ ಬಿಚ್ಚಬೇಕು, ಬರಿಗಾಲಲ್ಲಿ ಹೋಗಿ ತರಬೇಕು, ಬಂದು ಶೂ ಕಟ್ಟಿಕೊಳ್ಳಬೇಕು. ಮುದುಕಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನನ್ನ ಮೇಲಂತೂ ಅವಳಿಗೆ ವಿಶೇಷ ಗಮನ. ಒಮ್ಮೆ ನಾನು ಒಂದೇ ಶೂ ಬಿಚ್ಚಿ ಕುಂಟುತ್ತಾ ಹೋದದ್ದಕ್ಕೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಸಂಜೆಯವರೆಗೂ ಕೊಡಲಿಲ್ಲ. ಪಿ.ಡಿ. ಸಾರ್ ಬಂದು ಅಜ್ಜೀ ಅಮ್ಮಾ ಎಂದು ಗೋಗರೆದರೂ ಕೊಡಲಿಲ್ಲ. ಒಂದು ಕಾಲೇಜಿನ ಕ್ರೀಡಾ ವಿಭಾಗ ಒಬ್ಬ ಮುದುಕಿಯ ಮಡಿಲಲ್ಲಿ ಕೂತಿತ್ತು.

ಇಷ್ಟೆಲ್ಲ ಯಾರಿಗೆ ಬೇಕು? ಕ್ರಮೇಣ ಯಾರೂ ಎಡಗಡೆಗೆ ಚೆಂಡೇ ಕೊಡದಾದರು. ಹಲಗೆಯಂಥ ಬಲಭಾಗದಲ್ಲಿ ಐದೂ ಜನ ಮೈಗೆ ಮೈ ತಾಗಿಸಿಕೊಂಡು ಆಡಲು ಕಲಿತರು. ಚೆಂಡು ತಪ್ಪಿ ಎಡಕ್ಕೆ ಉರುಳಿದರೆ ಗಾಡಿಯ ಎತ್ತಿಗೆ ಹಗ್ಗ ಎಳೆದ ಹಾಗೆ ನಾಲ್ವರೂ ಅಂಚಿನಲ್ಲಿ ಗಕ್ಕನೆ ನಿಲ್ಲುತ್ತಿದ್ದರು. ನಾನು ಅವರನ್ನು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದೆ. ನನ್ನ ಮಟ್ಟಿಗೆ, ಹೊತ್ತು ಹಾಳಾಗಬಾರದೆಂದು ಶೂ ಲೇಸನ್ನು ಸಡಿಲವಾಗಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಕಟ್ಟುವುದನ್ನು ರೂಢಿ ಮಾಡಿಕೊಂಡೆ. ಬಗ್ಗಿ, ಎಳೆದು, ಕಾಲು ಕೊಡವಿ, ಒಳಗೆ ಹೋಗಿ ಚೆಂಡು ತರುವುದರಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ. ಅದರಲ್ಲೂ ನಾನೇ ಮುಂದು ಎಂದು ಬೀಗುತ್ತಿದ್ದೆ.

ಸೊರಬಕ್ಕೆ ಹೊರಟ ಬೆಳಿಗ್ಗೆ ಅಧ್ಯಕ್ಷರು ಬಸ್ ಸ್ಟ್ಯಾಂಡಿಗೇ ಬಂದು ಎಲ್ಲರ ಹಣೆಗೂ ಕುಂಕುಮ ಹಚ್ಚಿಸಿದರು. "ಕಪ್ಪಿಲ್ದೆ ಬರಬ್ಯಾಡ್ರಿ" ಎಂದರು. ಹಾಗಾದರೆ ಸೊರಬದಲ್ಲೇ ಮನೆ ಹುಡುಕಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ನನಗಾಗಿ ಇಟ್ಟುಕೊಂಡ ಆಸೆ ದೊಡ್ಡದಿತ್ತು. ತಂಡ ಸೋಲಲಿ, ಚಿಂತೆಯಿಲ್ಲ. ಇಂಥ ದಂಡಪಿಂಡಗಳ ನಡುವೆ ಆಡಿದರೆ ನಾನು ಇನ್ನೂ ಎದ್ದು ಕಾಣುತ್ತೇನೆ ಎಂಬುದು ನನ್ನ ಲೆಕ್ಕ.

ಸೊರಬದ ಕೋರ್ಟು ನೋಡಿ ಹೊಟ್ಟೆ ಉರಿಯಿತು. ಗುಡಿಸಿ ನೀರು ಚಿಮುಕಿಸಿದ ಸಿಮೆಂಟು, ಹೊಸ ಸುಣ್ಣದ ಗೆರೆ, ಎರಡು ರಿಂಗು, ಎಲ್ಲೂ ಒಂದು ಕಾಳಿಲ್ಲ. ಪಕ್ಕದಲ್ಲಿ ಶಾಮಿಯಾನದ ಕೆಳಗೆ ಬಿಳಿ ಟೊಪ್ಪಿಯ ಆಯ್ಕೆದಾರರು ಪೆನ್ನು ಹಿಡಿದು ಕೂತಿದ್ದರು. ಒಮ್ಮೆ ಸೋತರೆ ಮನೆಗೆ ಹೋಗುವ ಪಂದ್ಯಾವಳಿ. ನಮ್ಮ ಮೊದಲ ಪಂದ್ಯ ಅಲ್ಲಿಯ ಕಾಲೇಜಿನವರ ಮೇಲೇ ಬಿತ್ತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಾನು ಚೆಂಡು ಹಿಡಿದು ರಿಂಗಿನ ಕಡೆ ಓಡುತ್ತೇನೆ, ಸುತ್ತ ನೋಡಿದರೆ ನಮ್ಮವರೆಲ್ಲ ಬಲಗಡೆ ಒತ್ತೊತ್ತಾಗಿ ನಿಂತಿದ್ದಾರೆ. ಎಡಗಡೆ ಬಯಲು. "ಎಡಕ್ಕೆ ಹೋಗ್ರೋ!" ಎಂದು ಕೂಗಿದೆ. ಕ್ಯಾಪ್ಟನ್ ಎರಡು ಹೆಜ್ಜೆ ಹೋಗಿ ಕೆಂಡ ಮುಟ್ಟಿದವನಂತೆ ವಾಪಸ್ ಬಂದ. ಎದುರಾಳಿಗಳು ನಮ್ಮ ರಿಂಗಿನತ್ತ ಬಂದಾಗಲೂ ಅದೇ ಕಥೆ. ಅವರು ಎಡಗಡೆಯಿಂದ ಆರಾಮಾಗಿ ನಡೆದುಬಂದು ಚೆಂಡು ಹಾಕುತ್ತಾರೆ, ನಮ್ಮವರು ಕಾಣದ ಅಂಚಿನಲ್ಲಿ ಸಾಲಾಗಿ ನಿಂತು ನೋಡುತ್ತಾರೆ. ಯಾರ ಕಾಲನ್ನೂ ಬಿಡದ ಈಸೂರಿನವನು ಕೂಡ ಆ ಕಡೆ ಹೋದವನ ಕಾಲನ್ನು ಬಿಟ್ಟುಬಿಡುತ್ತಿದ್ದ.

"ಜೋಳ ಇಲ್ಲ ಕಣ್ರೋ ಇಲ್ಲಿ! ಕಣ್ ಬಿಟ್ಟು ನೋಡ್ರೋ, ಜೋಳ ಇಲ್ಲ!" ಎಂದು ನಾನು ಗಂಟಲು ಹರಿದುಕೊಂಡೆ.

ನೋಡುತ್ತಿದ್ದವರು ಗೊಳ್ಳೆಂದು ನಕ್ಕರು. ಆಯ್ಕೆದಾರರು ಪಕ್ಕದವರನ್ನು, ಆ ಹುಡುಗ ಏನಂದ ಎಂದು ಕೇಳುತ್ತಿದ್ದದ್ದು ಕಾಣಿಸಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೊರಬದವರೂ ಅಂಥ ಘನಂದಾರಿ ಆಟಗಾರರೇನಲ್ಲ. ಹಿಂದಿನ ಸಂಜೆ ಯಾರದೋ ಮದುವೆಯಲ್ಲಿ ಹೋಳಿಗೆ ಬಾರಿಸಿ ಬಂದಿದ್ದರೆಂದು ಅವರ ಓಟವೇ ಹೇಳುತ್ತಿತ್ತು. ಆದರೂ ಅವರ ಕ್ಯಾಪ್ಟನ್‌ಗೆ ಕಣ್ಣಿತ್ತು. ಅರ್ಧ ಆಟ ಮುಗಿದು ನೀರು ಕುಡಿಯುವಾಗ ತನ್ನವರಿಗೆ, "ಇವ್ರು ಎಡಗಡೆ ಬರೋದೇ ಇಲ್ಲ ಮಾರಾಯ. ಎಲ್ಲಾ ಬಲಗಡೆ ನಿಂತ್ಕಳಿ ಸಾಕು" ಎಂದದ್ದು ನನ್ನ ಕಿವಿಗೇ ಬಿತ್ತು. ಅಲ್ಲಿಂದ ಮುಂದೆ ಹತ್ತೂ ಜನ ಕೋರ್ಟಿನ ಒಂದೇ ಪಕ್ಕದಲ್ಲಿ ಗಿಜಿಗುಟ್ಟತೊಡಗಿದರು. ಆದರೆ ಆ ಇಕ್ಕಟ್ಟಿನಲ್ಲಿ ಆಡಿ ಅಭ್ಯಾಸವಿದ್ದದ್ದು ನಮಗೇ. ಇದನ್ನು ಒಪ್ಪಿಕೊಳ್ಳಲು ಇವತ್ತಿಗೂ ನನಗೆ ಇಷ್ಟವಿಲ್ಲ, ಆದರೂ ನಿಜ. ಮೈಗೆ ಮೈ ತಾಗುವ ಆ ಸಂದಣಿಯಲ್ಲಿ ನಮ್ಮವರು ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕೈಗೆ ಚೆಂಡು ದಾಟಿಸಿದರು. ನಾನು ಮೇಲಿಂದ ಮೇಲೆ ಹಾಕಿದೆ. ಬಿಳಿ ಟೊಪ್ಪಿ ಎರಡು ಸಲ ನನ್ನನ್ನೇ ನೋಡಿ ಏನೋ ಬರೆದುಕೊಂಡಿತು. ಕೊನೆಗೆ ಒಂದೇ ಬುಟ್ಟಿಯ ಅಂತರಕ್ಕೆ ಬಂದು ನಿಂತೆವು. ಹಾಕಿದರೆ ಸಮ, ಆಟ ಮುಂದುವರಿಯುತ್ತದೆ. ಹಾಕದಿದ್ದರೆ ಗೊಬ್ಬರದ ಅಂಗಡಿ.

ಸೀಟಿ ಊದುವ ಹೊತ್ತು ಹತ್ತಿರವಾಗಿತ್ತು. ಚೆಂಡು ತಾಳಗುಂದದವನ ಕೈಯಲ್ಲಿತ್ತು. ಬಲಗಡೆ ಜನವೇ ಜನ. ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ಮುಂದಿನ ಎಡಗಡೆಯ ಬಯಲನ್ನು ನೋಡಿದ. "ಹುರ್ರ್" ಎಂದ. ಉದ್ದನೆಯ ಕೈ ಬೀಸಿತು. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ, ನಾನು ಎಲ್ಲಿಗೆ ಓಡಬೇಕೋ ಸರಿಯಾಗಿ ಅಲ್ಲಿಗೆ ಹೋಗಿ ಬಿದ್ದು ಪುಟಿಯಿತು. ಅಂಥ ಪಾಸನ್ನು ನಾನು ದಾವಣಗೆರೆಯಲ್ಲೂ ನೋಡಿರಲಿಲ್ಲ. ನನ್ನ ಮತ್ತು ರಿಂಗಿನ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಾನು ಓಡಿದೆ. ಎರಡು ಹೆಜ್ಜೆ ಓಡಿದ್ದು ನೆನಪಿದೆ. ಆಮೇಲೆ ನಾನು ನಿಂತಿದ್ದೆ. ನಿಂತದ್ದಷ್ಟೇ ಅಲ್ಲ, ಬಗ್ಗಿದ್ದೆ. ಬಗ್ಗಿ ಬಲಗಾಲಿನ ಶೂ ಲೇಸಿಗೆ ಕೈ ಹಾಕಿ ಎಳೆದಿದ್ದೆ. ಲೇಸು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಚೆಂಡು ಆ ಖಾಲಿ ಸಿಮೆಂಟಿನ ಮೇಲೆ ಪುಟಿಯುತ್ತಾ, ಆಮೇಲೆ ಉರುಳುತ್ತಾ, ಗೆರೆ ದಾಟಿ ಶಾಮಿಯಾನದ ಕಂಬಕ್ಕೆ ಹೋಗಿ ತಾಗಿತು. ಸೀಟಿ ಕೇಳಿಸಿದಾಗ ನನ್ನ ಒಂದು ಶೂ ನನ್ನ ಕೈಯಲ್ಲಿತ್ತು.

ಸೊರಬದವರು ಕುಣಿದಾಡಿದರು. ಆಯ್ಕೆದಾರರು ನನ್ನನ್ನು ಹತ್ತಿರ ಕರೆದರು.

"ಯಾಕಪ್ಪಾ, ಚೆಂಡು ಅಲ್ಲಿ ಹೋಗ್ತಿದೆ, ನೀನು ಶೂ ಬಿಚ್ತಾ ಕೂತ್ಯಲ್ಲ? ಕಾಲಿಗೆ ಏನಾದ್ರೂ ಚುಚ್ಚಿತಾ?"

ಹೌದು ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಅವರೇ ದಾರಿ ತೋರಿಸಿದ್ದರು. ಅದನ್ನು ಹೇಳಬೇಕೆಂದೇ ನಾನು ಬಾಯಿ ತೆರೆದದ್ದು.

"ಜೋಳ ಇತ್ತು ಸಾರ್" ಎಂದೆ.

"ಎಲ್ಲಿ?"

"ಎಡಗಡೆ."

ಅವರು ತಿರುಗಿ ಆ ಸಿಮೆಂಟನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನಿನ ಕ್ಯಾಪು ಹಾಕಿ, ಜ್ವರ ಬಂದವರ ಹತ್ತಿರ ಮಾತಾಡುವ ದನಿಯಲ್ಲಿ, "ಹುಷಾರಾಗಿ ಊರಿಗೆ ಹೋಗಪ್ಪ" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಕ್ಯಾಪ್ಟನ್ ತಲೆ ಬಾಚಿಕೊಳ್ಳುತ್ತಾ, ದೊಡ್ಡಪ್ಪನಿಗೆ ಏನು ಹೇಳಬೇಕೆಂದು ಆಗಲೇ ಜೋಡಿಸಿಕೊಳ್ಳುತ್ತಿದ್ದ. ಪಿ.ಡಿ. ಸಾರ್ "ಮುಂದಿನ ವರ್ಷ ನೋಡ್ರಿ, ಮುಂದಿನ ವರ್ಷ ನಮ್ಮ ಟೀಮು" ಎಂದು ಯಾರಿಗೋ ಹೇಳುತ್ತಿದ್ದರು. ಮುಂದಿನ ವರ್ಷವಂತೆ. ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು. ನಾನು ಯಾರ ಮುಖವನ್ನೂ ನೋಡದೆ ಕಿಟಕಿಯ ಪಕ್ಕ ಕೂತಿದ್ದೆ. ಇವರು ನನ್ನನ್ನು ಬೈಯಲಿ, ಹೊಡೆಯಲಿ, ಆಡಿಕೊಂಡು ನಗಲಿ ಎಂದು ಕಾಯುತ್ತಿದ್ದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ.

ಯಾರೂ ಬೈಯಲಿಲ್ಲ. ತಾಳಗುಂದದವನು ಬಂದು ಪಕ್ಕದಲ್ಲಿ ಕೂತ.

"ನಾವು ನಿಂತ್ವಿ ಸರಿ, ನಾವು ಹುಟ್ಟಿದ್ದೇ ಹೊಲದಾಗೆ. ನೀನ್ಯಾಕ್ ನಿಂತ್ಯಲೇ?"

ನಾನು ಬಗ್ಗಿ ಶೂ ಲೇಸನ್ನು ಬಿಗಿಯಾಗಿ ಕಟ್ಟಿಕೊಳ್ಳತೊಡಗಿದೆ.

"ಲೇಸಿಗೆ ಬ್ಯಾರೆ ಕೈ ಹಾಕಿದ್ಯಲ್ಲೋ. ಅಷ್ಟು ನಾವೂ ಮಾಡ್ಲಿಲ್ಲ" ಎಂದು ಅವನು ನಿಜವಾಗಿಯೂ ಮೆಚ್ಚಿದವನ ಹಾಗೆ ತಲೆದೂಗಿದ. ಆಮೇಲೆ ಹಿಂದಿನ ಸೀಟಿನವರ ಕಡೆ ತಿರುಗಿ, "ಇನ್ಮ್ಯಾಗೆ ಇವನಿಗೆ ದಾವಣಗೆರೆ ಅನ್ನಬ್ಯಾಡ್ರಲೇ. ಇವ್ನು ಶಿಕಾರಿಪುರ" ಎಂದ.

ಹಿಂದೆ ಯಾರೋ ಹೌದೌದು ಎಂದರು. ನಾನು ಅವರೆಲ್ಲರ ಬಗ್ಗೆ ಇಷ್ಟು ದಿನ ಆಡಿದ್ದ ಮಾತುಗಳನ್ನು ಒಟ್ಟು ಸೇರಿಸಿದರೂ ಇದಕ್ಕಿಂತ ದೊಡ್ಡ ಬೈಗುಳ ಆಗುತ್ತಿರಲಿಲ್ಲ.

ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಸಂಜೆಯಾಗಿತ್ತು. ನನ್ನ ಕಿಟಕಿಯ ಎದುರಿಗೇ ಆ ಗೊಬ್ಬರದ ಅಂಗಡಿ. ಬಾಗಿಲು ಪೂರ್ತಿ ತೆರೆದಿತ್ತು, ಚೀಲಗಳ ನಡುವೆ ಆ ಕುರ್ಚಿ ಇನ್ನೂ ಖಾಲಿಯೇ ಇತ್ತು. ಜವಳಿ ಅಂಗಡಿಯವನು ಇಳಿದು, ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿ ಕಿಟಕಿಯಿಂದ ಕೊಟ್ಟು ಹೋದ. ನಾನು ಪೊಟ್ಟಣ ಹಿಡಿದು ಆ ಕುರ್ಚಿಯನ್ನೇ ನೋಡುತ್ತಿದ್ದೆ. ಹಿಂದಿನಿಂದ ಈಸೂರಿನವನು ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡು ಕೂಗಿದ:

"ಏ ಶಿಕಾರಿಪುರ, ಕಿಟಕಿ ಹಾಕಲೇ, ಗೊಬ್ಬರದ ವಾಸ್ನೆ ಬರ್ತೈತಿ."

ನಾನು ಕಿಟಕಿ ಹಾಕಿದೆ.